ಅಂಗಿಯ ಮೇಲಿನ ಪಂಜುರ್ಲಿ

ಮೊನ್ನೆ ಸಂಜೆ ರಾಮಮೂರ್ತಿನಗರದ ಮುಖ್ಯರಸ್ತೆಯ ಬಟ್ಟೆಯಂಗಡಿಯೊಂದರ ಮುಂದೆ ತೂಗುಹಾಕಿದ್ದ ಕರಿಯ ಟೀ ಶರ್ಟಿನ ಮೇಲೆ ಪಂಜುರ್ಲಿ ದೈವದ ಮುಖವನ್ನು ಕಂಡು ನಿಂತೆ. 2022ರಲ್ಲಿ ‘ಕಾಂತಾರ’ ಚಿತ್ರ ತೆರೆಗೆ ಬಂದ ಮೇಲೆ ತುಳುನಾಡಿನ ದೈವಗಳು ಘಟ್ಟ ಹತ್ತಿ ಬಂದು ಹೀಗೆ ಪೇಟೆಯ ಹುಡುಗರ ಎದೆಯ ಮೇಲೆ ನೆಲಸಿವೆ. ದೈವವನ್ನು ಉಡುಪಿನ ಮೇಲೆ ಅಚ್ಚುಹಾಕಬಹುದೆ ಎಂಬ ಮಡಿಮೈಲಿಗೆಯ ಚರ್ಚೆ ನನಗೆ ಬೇಡ. ರಾಮನಾಮ ಅಚ್ಚಾದ ಶಾಲನ್ನು ನಮ್ಮ ಹಿರಿಯರೂ ಹೊದ್ದವರೇ. ಕನ್ನಡದ ಮೇಷ್ಟರಾದ ನನ್ನ ಆಕ್ಷೇಪಣೆ ಬೇರೆ. ಈ ಚಿತ್ರ ತನ್ನ ಕಥೆಯನ್ನೇ ಓದಿಕೊಂಡಿಲ್ಲ.

ರೇಖೆ ಗಟ್ಟಿಯಾಗಿದೆ, ಒಪ್ಪಿದೆ. ಆದರೆ ಇರುವುದೆಲ್ಲ ಕೋರೆಹಲ್ಲು, ಕೆಂಗಣ್ಣು, ಹಿಂದೊಂದಿಷ್ಟು ಬೆಂಕಿ. ಪಂಜುರ್ಲಿ ಹಂದಿಯ ದೈವ. ಈಶ್ವರನ ತೋಟವನ್ನು ಹಾಳುಗೆಡವಿದ ಹಂದಿ, ಪಾರ್ವತಿಯ ಅಕ್ಕರೆಯಿಂದ ಉಳಿದು, ಭೂಮಿಗಿಳಿದು ಬೆಳೆ ಕಾಯುವ ದೈವವಾಯಿತೆಂದು ಹಾಡುವ ಪಾಡ್ದನಗಳುಂಟು. ಮೇಯುವುದೇ ಕಾಯುವುದಾಗುವ ಈ ತಿರುವು, ಕಾಡುಹಂದಿಯ ಹಾವಳಿ ಉಂಡ ಬೇಸಾಯಗಾರನಿಗಲ್ಲದೆ ಬೇರೆಯವರಿಗೆ ಹೊಳೆಯುವಂಥದಲ್ಲ. ಅಂಗಿಯಲ್ಲಿ ಕೋಪ ಮಾತ್ರ ಉಳಿದು ಕಾವಲು ಅಳಿದಿದೆ. ಕೋಲದಲ್ಲಾದರೋ ಗಗ್ಗರದ ಸದ್ದಿದೆ, ತೆಂಗಿನ ಎಳೆಗರಿಯ ಸಿರಿಯಿದೆ, ಪಾಡ್ದನವಿದೆ. ಕೊನೆಗೆ ಊರವರ ದೂರು ಕೇಳಿ ದೈವ ನುಡಿ ಕೊಡುತ್ತದೆ. ಲೋಹದ ಮೊಗವೂ ಅಲ್ಲಿಯವರೆಗೆ ಭಂಡಾರದಲ್ಲಿ ಸುಮ್ಮನಿರುವುದೇ.

ಇಂಥ ಅಂಗಿಗಳ ವ್ಯಾಪಾರ ಸ್ಲಾವ್ ಜನರ ನಾಡುಗಳಲ್ಲೂ ಉಂಟು. ಅಲ್ಲಿ ಗುಡುಗಿನ ದೇವರಾದ ಪೆರುನ್ ಎದೆಯೇರಿದ್ದಾನೆ. ಕೀವ್ ನಗರದ ದೊರೆ ವ್ಲಾದಿಮಿರ್ 988ರಲ್ಲಿ ಕ್ರೈಸ್ತಮತಕ್ಕೆ ಸೇರಿ ಪೆರುನನ ವಿಗ್ರಹವನ್ನು ದ್ನೀಪರ್ ನದಿಗೆ ನೂಕಿಸಿದನೆಂದು ಅಲ್ಲಿಯ ಹಳೆಯ ವೃತ್ತಾಂತ ಹೇಳುತ್ತದೆ. ಆ ದೇವರ ಪೂಜಕರೇ ಬರೆದಿಟ್ಟ ಗ್ರಂಥ ಒಂದೂ ಉಳಿದಿಲ್ಲ. 1848ರಲ್ಲಿ ಜ್ಬ್ರುಚ್ ನದಿಯಿಂದೆತ್ತಿದ ನಾಲ್ಮೊಗದ ಕಲ್ಲು ಯಾವ ದೇವರದೆಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಅಲ್ಲಿಯ ಚಿತ್ರಕಾರ ಕಲ್ಪಿಸಿಕೊಳ್ಳದೆ ವಿಧಿಯಿಲ್ಲ.

ನಮಗೆ ಆ ನೆಪ ಸಲ್ಲದು. ಮೆನ್ನರ್ ಸಂಗ್ರಹಿಸಿದ ಪಾಡ್ದನಗಳು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ 1886ರಷ್ಟು ಹಿಂದೆಯೇ ಅಚ್ಚಾದವು. ಅದೇ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ ನಡೆಸಿತು ನೋಡಿ! ದೈವವನ್ನು ನಂಬದ ಆ ಪಾದ್ರಿಗಳು ಅದರ ಮಾತನ್ನು ಅಚ್ಚುಹಾಕಿದರು. ನಂಬುವ ನಾವು ಮೋರೆಯನ್ನಷ್ಟೇ ಅಚ್ಚುಹಾಕುತ್ತಿದ್ದೇವೆ. ವಿವೇಕ ರೈ, ಚಿನ್ನಪ್ಪ ಗೌಡರ ಗ್ರಂಥಗಳು ಕನ್ನಡದಲ್ಲೇ ಇವೆ. ಹಾಡುವವರೂ ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ.

‘ಇದು ಯಾರಪ್ಪಾ?’ ಎಂದು ಅಂಗಡಿಯ ಹುಡುಗನನ್ನು ಕೇಳಿದೆ.

‘ಕಾಂತಾರ, ಸಾರ್. ನಿಮ್ಮ ಸೈಜೂ ಇದೆ.’