ನೆತ್ತವೂ ಲಕ್ಷ್ಯವೂ: ಒಂದು ಆಟನಿಯಮದ ವಿಮರ್ಶೆ

ಛತ್ರಪತಿ ಸಂಭಾಜಿನಗರಕ್ಕೆ ಹೋದ ಕನ್ನಡಿಗರು ಎಲ್ಲೋರದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವನ್ನು ಕಂಡು ಹಿಂದಿರುಗುವುದು ವಾಡಿಕೆ. ಅದಕ್ಕಿಂತ ಹಳೆಯದಾದ ೨೧ನೆಯ ಗುಹೆಯಲ್ಲಿ ಶಿವಪಾರ್ವತಿಯರು ನೆತ್ತವಾಡುತ್ತಿರುವ ಶಿಲ್ಪವೊಂದುಂಟು. ಎಸೆದ ದಾಳ ದೇವರ ಮಾತನ್ನೂ ಕೇಳದೆಂಬುದೇ ಆ ದೃಶ್ಯದ ಸ್ವಾರಸ್ಯ. ಬಿಟ್ಟ ಬಾಣವೂ ಯಾರ ಮಾತನ್ನೂ ಕೇಳದು. ಆದರೆ ಅದರ ಗತಿಯ ಬಹುಭಾಗ ಬಿಡುವ ಮುನ್ನವೇ ಬಿಲ್ಲುಗಾರನ ಭುಜದಲ್ಲಿ, ಉಸಿರಿನಲ್ಲಿ ನಿಶ್ಚಿತವಾಗಿರುತ್ತದೆ. ದಾಳದಿಂದ ಬಾಣವನ್ನು ಅನುಕರಿಸ ಹೊರಟ ಆಟಗಳು ಈ ಭೇದವನ್ನು ಎಷ್ಟರಮಟ್ಟಿಗೆ ಗಮನಿಸಿವೆಯೆಂಬುದು ವಿಚಾರಾರ್ಹ.

ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಪಾತ್ರವಹಿಸಿ ಆಡುವ ಮೇಜಿನಾಟಗಳಿಗೆ ಮೂಲಪುರುಷ. ಅದರಲ್ಲಿ ಹೊಡೆತದ ತೀರ್ಮಾನ ೨೦ ಮುಖಗಳ ದಾಳದ್ದು. ಬಿದ್ದ ಅಂಕಕ್ಕೆ ಪಾತ್ರದ ನೈಪುಣ್ಯವನ್ನು ಕೂಡಿಸಿದಾಗ ಎದುರಾಳಿಯ ಕವಚದ ಅಂಕವನ್ನು ಮುಟ್ಟಿದರೆ ಪೆಟ್ಟು ತಾಗಿತು, ಇಲ್ಲವಾದರೆ ತಪ್ಪಿತು. ಈಚಿನ ಆವೃತ್ತಿಗಳಲ್ಲಿ ೧ ಬಿದ್ದರೆ ಎಂಥ ವೀರನ ಪೆಟ್ಟೂ ತಪ್ಪಲೇಬೇಕು. ರಣರಂಗಕ್ಕೆ ಇದು ಒಪ್ಪುವ ನಿಯಮ. ಆದರೆ ಕ್ರೀಡಾಂಗಣದ ಗುರಿಹಲಗೆಗೆ ಕವಚವಿಲ್ಲ, ಅದು ಓಡುವುದೂ ಇಲ್ಲ.

ಲೆಕ್ಕವೇ ಇದಕ್ಕೆ ಸಾಕ್ಷಿ. ಒಲಿಂಪಿಕ್ ಬಿಲ್ವಿದ್ಯೆಯ ಅರ್ಹತಾ ಸುತ್ತಿನಲ್ಲಿ ೭೦ ಮೀಟರ್ ದೂರದಿಂದ ೭೨ ಬಾಣಗಳು. ಪ್ರತಿಯೊಂದಕ್ಕೆ ಹೆಚ್ಚೆಂದರೆ ೧೦ ಅಂಕ. ೨೦ರಲ್ಲೊಂದು ಬಾಣ ತಪ್ಪಲೇಬೇಕಾದರೆ, ಉಳಿದುದೆಲ್ಲ ನಡುವೃತ್ತಕ್ಕೇ ನಾಟಿದರೂ ಸರಾಸರಿ ೬೮೪ನ್ನು ಮೀರದು. ೨೦೧೬ರ ರಿಯೋದಲ್ಲಿ ಕೊರಿಯದ ಕಿಮ್ ವೂ-ಜಿನ್ ಗಳಿಸಿದ್ದು ೭೦೦! ನಿಜವಾದ ಮನುಷ್ಯನಿಗೆ ಸಾಧ್ಯವಾದದ್ದು ಕಲ್ಪಿತ ವೀರನಿಗೆ ಅಸಾಧ್ಯವಾಗುವ ಈ ನಿಯಮವನ್ನು ಅನುಕರಣವೆನ್ನುವುದು ಹೇಗೆ? ಎಡಪುಟದ ಸಂಖ್ಯೆಯ ಕೊನೆಯಂಕಿಯನ್ನು ಓಟವೆಂದು ಎಣಿಸಿ ನಮ್ಮ ಶಾಲೆಯ ಮಕ್ಕಳು ಆಡುವ ಪುಸ್ತಕದ ಕ್ರಿಕೆಟ್ಟು ಇದಕ್ಕಿಂತ ಪ್ರಾಮಾಣಿಕ. ಅದು ನೈಪುಣ್ಯದ ಹೆಸರನ್ನೇ ಎತ್ತುವುದಿಲ್ಲ.

ದೋಷದ ಮೂಲ ದಾಳದ ಸ್ವಭಾವದಲ್ಲಿದೆ. ಒಂಟಿ ದಾಳದಲ್ಲಿ ಪ್ರತಿ ಮುಖವೂ ಸಮಾನ. ನುರಿತವನ ಬಾಣಗಳಾದರೋ ನಡುವಿನಲ್ಲಿ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಬೀಳುತ್ತವೆ. ೧೯೮೬ರ 'ಗರ್ಪ್ಸ್' ಎಂಬ ಆಟ ಆರು ಮುಖಗಳ ಮೂರು ದಾಳಗಳನ್ನು ಒಟ್ಟಿಗೆ ಎಸೆಯಿಸುತ್ತದೆ. ಆಗ ೧೦ ಅಥವಾ ೧೧ ಬೀಳುವ ಸಂಭವ ನಾಲ್ಕರಲ್ಲೊಂದು. ೧೮ ಬೀಳುವುದು ೨೧೬ರಲ್ಲೊಮ್ಮೆ. ಬಾಣದ ಹರಹಿಗೆ ಇದು ಎಷ್ಟೋ ಹತ್ತಿರ. ಅದಕ್ಕಿಂತ ಮಿಗಿಲಾಗಿ, ಒಂದು ಸರದಿಯನ್ನು ಬಿಟ್ಟುಕೊಟ್ಟು ಗುರಿ ನೋಡಿದವನಿಗೆ ಅಲ್ಲಿ ಹೆಚ್ಚಿನ ಅನುಕೂಲ ದೊರೆಯುತ್ತದೆ. ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನನಿಗೆ ಮೇಜಿನಾಟದಲ್ಲಿ ಸಲ್ಲುವ ಗೌರವ ಇದೊಂದೇ.

ಆದರೂ ಕೊರತೆ ತುಂಬಲಿಲ್ಲ. ೨೦೧೭ರಲ್ಲಿ ತೀರಿಕೊಂಡ ಭೀಷ್ಮರಾಜ ಬಾಮ್ ನಾಸಿಕದಲ್ಲಿ ನೆಲೆಸಿದ್ದವರು. ಪೊಲೀಸ್ ಅಧಿಕಾರಿಯಾಗಿದ್ದು, ಅನಂತರ ಬಂದೂಕಿನ ಗುರಿಕಾರರಿಗೆ ಮನೋಬಲದ ಗುರುವಾದರು. ಅವರ ಬೋಧನೆಗೆ ಯೋಗಶಾಸ್ತ್ರದ ಆಧಾರವಿತ್ತು. ೧೦ ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ಅಲ್ಲಿ ಎದುರಾಳಿಯೆಂದರೆ ತನ್ನದೇ ನಾಡಿ. ಮೊದಲ ಗುಂಡು ಕೆಟ್ಟರೆ ಎರಡನೆಯದು ಅಳುಕುತ್ತದೆ; ದಾಳಕ್ಕಾದರೋ ನೆನಪೇ ಇಲ್ಲ.

ಪಂಪನ ಭಾರತದಲ್ಲಿ (ಕ್ರಿ.ಶ. ೯೪೧) ದ್ರೌಪದಿ ಅರ್ಜುನನೊಬ್ಬನ ಪತ್ನಿ. ಹೀಗಾಗಿ ಅಲ್ಲಿ ಲಕ್ಷ್ಯದಿಂದ ಗೆದ್ದವನೊಬ್ಬ, ನೆತ್ತದಲ್ಲಿ ಅವಳನ್ನು ಪಣವಾಗಿ ಒಡ್ಡಿದವನು ಮತ್ತೊಬ್ಬ. ಗೆಲವಿಗೆ ಅಭ್ಯಾಸವಿತ್ತು, ಸೋಲಿಗೆ ಬರಿಯ ದಾಳ. ಈ ಎರಡನ್ನೂ ಒಂದೇ ಕೈಗೆ ಕೊಟ್ಟಿರುವ ಮೇಜಿನಾಟದ ನಿಯಮಕಾರರು ಧರ್ಮರಾಯನಿಂದ ಮತ್ಸ್ಯಯಂತ್ರವನ್ನು ಹೊಡೆಸಲು ಹೊರಟವರಂತೆ ಕಾಣುತ್ತಾರೆ.