ಅಂತಃಕುಟುಂಬವಾದವೂ ಬಾಲಚಿಕಿತ್ಸೆಯೂ

ಮನಸ್ಸು ಒಂದಲ್ಲ, ಹಲವು ಅಂಶಗಳ ಸಂಸಾರವೆಂಬ ಮತವನ್ನು ಆಧಾರವಾಗಿಟ್ಟುಕೊಂಡು ಹೊರಟ ಮನಶ್ಚಿಕಿತ್ಸಾಪದ್ಧತಿಗಳಲ್ಲಿ ಅಮೆರಿಕದ ರಿಚರ್ಡ್ ಷ್ವಾರ್ಟ್ಸ್ ಎಂಬವರ 'ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್' ಎಂಬುದು ಈಚೆಗೆ ವಿಶೇಷ ಪ್ರಸಿದ್ಧಿಯನ್ನು ಪಡೆದಿದೆ. ಇದನ್ನು ಕನ್ನಡದಲ್ಲಿ ಅಂತಃಕುಟುಂಬಪದ್ಧತಿ ಎನ್ನಬಹುದು. ಕುಟುಂಬಚಿಕಿತ್ಸೆಯಲ್ಲಿ ಪಳಗಿದ್ದ ಷ್ವಾರ್ಟ್ಸರು 1980ರ ದಶಕದಲ್ಲಿ, ಅತಿಯಾಗಿ ಉಂಡು ವಾಂತಿಮಾಡಿಕೊಳ್ಳುವ ವ್ಯಾಧಿಯುಳ್ಳವರು ತಮ್ಮೊಳಗಿನ 'ಭಾಗ'ಗಳು ಹೀಗೆ ಹೇಳುತ್ತವೆ, ಹಾಗೆ ಹೇಳುತ್ತವೆ ಎಂದು ನುಡಿಯುತ್ತಿದ್ದುದನ್ನು ಲಕ್ಷ್ಯವಿಟ್ಟು ಕೇಳಿ, ಹೊರಗಣ ಕುಟುಂಬಕ್ಕೆ ಅನ್ವಯಿಸುತ್ತಿದ್ದ ನ್ಯಾಯವನ್ನೇ ಒಳಗಣ ಕುಟುಂಬಕ್ಕೂ ಅನ್ವಯಿಸಿದರು. ಅವರ ಮೂಲಗ್ರಂಥವು 1995ರಲ್ಲಿ ಪ್ರಕಟವಾಯಿತು. ಇದು ವಯಸ್ಕರಿಗಾಗಿ ಹುಟ್ಟಿದ ಪದ್ಧತಿ. ಇದನ್ನು ಬಾಲಕರಿಗೂ ತರುಣರಿಗೂ ಅವರ ಮನೆಯವರಿಗೂ ಹೊಂದಿಸುವ ಯತ್ನವು 2014ರಲ್ಲಿ ಬಂದ ಆರ್ಥರ್ ಮೋನ್ಸ್ ಅವರ ಗ್ರಂಥದಲ್ಲಿಯೂ ಅನಂತರದ ಲೀಸಾ ಸ್ಪೀಗೆಲ್ ಅವರ ಗ್ರಂಥದಲ್ಲಿಯೂ ಕಾಣುತ್ತದೆ. ಈ ಹೊಂದಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಪರಿಭಾಷೆ. ನೋವು, ನಾಚಿಕೆ, ಭಯಗಳನ್ನು ಹೊತ್ತು ಮೂಲೆಗೆ ತಳ್ಳಲ್ಪಟ್ಟ ಅಂಶಗಳು 'ಬಹಿಷ್ಕೃತರು'. ಆ ನೋವು ತಲೆಯೆತ್ತದಂತೆ ಮುಂಚಿತವಾಗಿ ಎಲ್ಲವನ್ನೂ ಅಂಕೆಯಲ್ಲಿಡುವವರು 'ವ್ಯವಸ್ಥಾಪಕರು'. ನೋವು ಉರಿದೆದ್ದಾಗ ಮನೆ ಕೆಟ್ಟರೂ ಸರಿ, ಬೆಂಕಿ ಆರಲಿ ಎಂದು ನುಗ್ಗುವವರು 'ಅಗ್ನಿಶಾಮಕರು'. ಇವುಗಳಲ್ಲಿ ದುಷ್ಟವಾದುದು ಒಂದೂ ಇಲ್ಲವೆಂಬುದು ಷ್ವಾರ್ಟ್ಸರ ಪ್ರತಿಜ್ಞೆ. ಇವೆಲ್ಲಕ್ಕೂ ನಾಯಕಸ್ಥಾನದಲ್ಲಿ 'ಸೆಲ್ಫ್' ಎಂಬುದೊಂದುಂಟು. ಶಾಂತಿ, ಕುತೂಹಲ, ಕರುಣೆ, ಧೈರ್ಯ ಮೊದಲಾದ ಎಂಟು ಗುಣಗಳು ಅದರ ಲಕ್ಷಣಗಳು.

ಅಂತರಂಗವನ್ನು ಕುಟುಂಬವಾಗಿ ಕಾಣುವುದು ಸಂಸ್ಕೃತಜ್ಞರಿಗೆ ಹೊಸದಲ್ಲ. 11ನೆಯ ಶತಮಾನದ ಕೃಷ್ಣಮಿಶ್ರನು ಪ್ರಬೋಧಚಂದ್ರೋದಯ ನಾಟಕದಲ್ಲಿ ಮನಸ್ಸಿಗೆ ಪ್ರವೃತ್ತಿ, ನಿವೃತ್ತಿ ಎಂಬ ಇಬ್ಬರು ಪತ್ನಿಯರನ್ನು ಕಲ್ಪಿಸಿ, ಒಬ್ಬಳಲ್ಲಿ ಮಹಾಮೋಹನ ವಂಶವನ್ನೂ ಮತ್ತೊಬ್ಬಳಲ್ಲಿ ವಿವೇಕನ ವಂಶವನ್ನೂ ಹುಟ್ಟಿಸಿ ದಾಯಾದಿ ಕಲಹವನ್ನೇ ಹೂಡಿದ್ದಾನೆ. ಆದರೆ ಭೇದವೂ ಸ್ಪಷ್ಟವಾದುದೇ. ಕೃಷ್ಣಮಿಶ್ರನಲ್ಲಿ ಮೋಹನ ಪಕ್ಷವು ಹತವಾಗಬೇಕು. ಷ್ವಾರ್ಟ್ಸರಲ್ಲಿ ಅದು ಸಾಂತ್ವನ ಹೊಂದಿ ಭಾರವಿಳಿಸಿ ಬೇರೆ ಕೆಲಸಕ್ಕೆ ನಿಲ್ಲಬೇಕು. ಮುಮುಕ್ಷುವಿಗೆ ಮೊದಲನೆಯ ಮಾರ್ಗವು ಸಲ್ಲಬಹುದು. ಒಂಬತ್ತು ವರ್ಷದ ಮಗುವಿಗೆ ನಿನ್ನ ಕೋಪವು ನಿನ್ನ ಶತ್ರುವೆಂದು ಹೇಳಿದರೆ ಅದು ತನ್ನನ್ನೇ ಶತ್ರುವೆಂದು ತಿಳಿಯುವುದು. ಈ ಅಂಶದಲ್ಲಿ ಹೊಸ ಪದ್ಧತಿಯ ದೃಷ್ಟಿ ಮಕ್ಕಳಿಗೆ ಹಿತಕರವೆಂದು ಒಪ್ಪಲೇಬೇಕು.

ವಿಧಾನದಲ್ಲಿಯೂ ಹೊಂದಿಕೆಯು ಸುಲಭವಾದುದು. ವಯಸ್ಕನು ಕಣ್ಣುಮುಚ್ಚಿ ಒಳಗೆ ನೋಡಿಕೊಳ್ಳಬೇಕಾಗುತ್ತದೆ; ಮಗುವಿಗೆ ಗೊಂಬೆ, ಚಿತ್ರ, ಮರಳಿನ ತಟ್ಟೆ ಸಾಕು. ಮರಳಿನಲ್ಲಿ ಪುಟ್ಟ ಲೋಕವನ್ನು ಕಟ್ಟಿಸಿ ಮಗುವಿನ ಮನಸ್ಸನ್ನು ತಿಳಿಯುವ ಕ್ರಮವನ್ನು ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡರು 1920ರ ದಶಕದ ಕೊನೆಯಲ್ಲಿಯೇ ಆರಂಭಿಸಿದ್ದರು. ಮರದ ಕುದುರೆಯೊಡನೆ ಮಾತಾಡುವ ಮಗುವಿಗೆ ತನ್ನ ಅಂಜಿಕೆಯೊಡನೆ ಮಾತಾಡುವುದು ಅಸಹಜವಲ್ಲ.

ಸಂಶಯವೇಳುವುದು ನಾಯಕನ ವಿಷಯದಲ್ಲಿ. 'ಸೆಲ್ಫ್' ಎಂಬುದನ್ನು ಆತ್ಮವೆಂದು ಭಾಷಾಂತರಿಸುವವರುಂಟು. ನಾನಾ ಮತಗಳ ಪರತತ್ತ್ವಗಳೊಡನೆ ಅದನ್ನು ಹೋಲಿಸಿರುವ ಷ್ವಾರ್ಟ್ಸರೇ ಇದಕ್ಕೆ ಅವಕಾಶವಿತ್ತಿದ್ದಾರೆ. ಆದರೆ ವೇದಾಂತದ ಆತ್ಮವು ನಿರ್ಗುಣ, ಅಕರ್ತೃ, ಸಾಕ್ಷಿಮಾತ್ರ. ಇಲ್ಲಿಯ 'ಸೆಲ್ಫ್' ಆದರೋ ಎಂಟು ಗುಣಗಳುಳ್ಳದ್ದು. ಅಂಶಗಳನ್ನು ಸಂತೈಸುವುದು, ನಡೆಸುವುದು. ಸಾಂಖ್ಯರು ಸಾತ್ತ್ವಿಕ ಬುದ್ಧಿಗೆ ಧರ್ಮ, ಜ್ಞಾನ, ವಿರಾಗ, ಐಶ್ವರ್ಯಗಳನ್ನು ಹೇಳುವರಲ್ಲವೆ? ಸಗುಣವೂ ಕಾರ್ಯಶೀಲವೂ ಆದ ಈ ನಾಯಕನಿಗೆ ಆ ಬುದ್ಧಿಯೇ ಸಮೀಪದ ಬಂಧು.

ಇದು ಕೇವಲ ಪದವಿವಾದವಲ್ಲ. ಆತ್ಮವೆಂದರೆ ಅದು ಶಿಶುವಿನಲ್ಲಿಯೂ ಪೂರ್ಣ. ಆಗ ಚಿಕಿತ್ಸಕನು ಮಗುವನ್ನೇ ಅದರ ಅಂತಃಕುಟುಂಬಕ್ಕೆ ಯಜಮಾನನನ್ನಾಗಿ ನಿಲ್ಲಿಸಿಯಾನು. ಬುದ್ಧಿಯೆಂದರೆ ಅದು ಕಾಲದಿಂದಲೂ ಸಂಗದಿಂದಲೂ ಬಲಿಯತಕ್ಕದ್ದು. ಬಲಿಯುವವರೆಗೆ ಹಿರಿಯರು ತಮ್ಮದನ್ನು ಎರವಲು ಕೊಡಬೇಕು. ನಾಯಕತತ್ತ್ವವು ಮಗುವಿನಲ್ಲಿಯೂ ಪೂರ್ಣವೇ, ದೇಹವೂ ಮೆದುಳೂ ಬೆಳೆಯದ ಕಾರಣ ಅದು ಕಾರ್ಯಕ್ಕೆ ಬಾರದು, ಕೊಡದೊಳಗಿನ ದೀಪದಂತೆ, ಎಂದು ಸಮಾಧಾನ ಹೇಳಬಹುದು. ಹಾಗಾದರೆ ಚಿಕಿತ್ಸೆಗೆ ವಿಷಯವಾಗುವುದು ಕೊಡವೇ ಹೊರತು ದೀಪವಲ್ಲ. ಬೆಳಕು ಹೊರಬೀಳಲು ಹಿರಿಯರ ಕೈ ಬೇಕೆಂಬ ಸಿದ್ಧಾಂತವೇ ಮತ್ತೆ ನಿಲ್ಲುತ್ತದೆ.

ಮಗುವನ್ನೂ ತರುಣನನ್ನೂ ಮನೆಯವರನ್ನೂ ಬೇರ್ಪಡಿಸದೆ ಒಟ್ಟಿಗೆ ತೆಗೆದುಕೊಂಡಿರುವುದು ಮೋನ್ಸರ ಗ್ರಂಥದ ಮುಖ್ಯ ಗುಣ. ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೆನ್ನುವ ಮಗುವೊಂದನ್ನು ಕಲ್ಪಿಸಬಹುದು. ಅದರ ನೋವು ಸುಳ್ಳಲ್ಲ, ಅವಮಾನದಿಂದ ಅದನ್ನು ಕಾಯುವ ಒಂದು ಉಪಾಯ. ತಾಯಿಯ ಒಳಗಣ ವ್ಯವಸ್ಥಾಪಕನು, ಮಗ ಹಿಂದೆಬಿದ್ದಾನೆಂಬ ಭಯದಿಂದ, ಗದರಿಸುವನು; ಗದರಿಕೆಯಿಂದ ನೋವು ಹೆಚ್ಚುವುದು; ನೋವಿನಿಂದ ಗದರಿಕೆ ಹೆಚ್ಚುವುದು. ಈ ಚಕ್ರವನ್ನು ಮೊದಲು ನಿಲ್ಲಿಸಬಲ್ಲವಳು ತಾಯಿಯೇ, ಮಗುವಲ್ಲ. ತಾಯಿತಂದೆಗಳ ಅಂಶಗಳಿಗೆ ಚಿಕಿತ್ಸೆಯಿಲ್ಲದೆ ಮಗುವಿನ ಅಂಶಗಳಿಗೆ ಮಾತ್ರ ಚಿಕಿತ್ಸೆಮಾಡುವುದು, ಬೇರಿಗೆ ನೀರೆರೆಯದೆ ಎಲೆಗೆ ಚಿಮುಕಿಸಿದಂತೆ.

ದೋಷವೂ ಇಲ್ಲಿಯೇ ಅಡಗಿದೆ. ಮನೆಯಲ್ಲಿಯೋ ಶಾಲೆಯಲ್ಲಿಯೋ ನಿಜವಾಗಿಯೇ ಏಟು ತಿನ್ನುತ್ತಿರುವ ಮಗುವಿನ ಕೋಪಕ್ಕೆ, ಸ್ವಲ್ಪ ಹಿಂದೆ ಸರಿ, ಎಂದು ಹೇಳುವುದು ಬಾಗಿಲು ಕಾಯುವವನನ್ನು ಕಳ್ಳನಿರುವಾಗಲೇ ಮಲಗಿಸಿದಂತೆ. ಹೊರಗಣ ಕೇಡನ್ನು ನಿಲ್ಲಿಸಿದ ಮೇಲೆಯೇ ಒಳಗಣ ಕಾವಲನ್ನು ಸಡಿಲಿಸಬೇಕು. ತರುಣನು ಮೈಗೆ ಗಾಯಮಾಡಿಕೊಂಡರೆ ಅದೂ ಅಗ್ನಿಶಾಮಕನ ಕೃತ್ಯವೆಂದು ತಿಳಿಯುವುದು ಸರಿ; ಆದರೆ ಪ್ರಾಣರಕ್ಷಣೆ ಮೊದಲು, ವ್ಯಾಖ್ಯಾನ ಆಮೇಲೆ. ಮತ್ತು 'ಹೊಡೆದವನು ನಾನಲ್ಲ, ನನ್ನ ಒಂದು ಭಾಗ' ಎಂಬ ನುಡಿಯನ್ನು ಮಕ್ಕಳು ಬಹು ಬೇಗ ಕಲಿಯುವರು. ಅಂಶವು ಮಾಡಿದ ಕೃತ್ಯಕ್ಕೆ ಅಂಶಿಯೇ ಹೊಣೆಯೆಂಬುದನ್ನು ಜತೆಗೇ ಕಲಿಸದಿದ್ದರೆ ಚಿಕಿತ್ಸೆಯು ನೆಪವಾಗುವುದು.

ಪ್ರಮಾಣಬಲವೂ ವಿವೇಚಿಸತಕ್ಕದ್ದು. 2013ರಲ್ಲಿ ಪ್ರಕಟವಾದ, ಸಂಧಿವಾತದ ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ಈ ಪದ್ಧತಿಯ ಪರವಾಗಿ ಉದಾಹರಿಸುವುದುಂಟು. ಆ ರೋಗಿಗಳು ವಯಸ್ಕರು. ವಯಸ್ಕರಲ್ಲಿ ಕಂಡ ಫಲವನ್ನು ಬಾಲಕರಿಗೆ ಆರೋಪಿಸುವುದು ಹೇತುವಿಲ್ಲದ ಅನುಮಾನ.

ಒಟ್ಟಿನಲ್ಲಿ ಈ ಪದ್ಧತಿಯು ಮಕ್ಕಳಿಗೆ ತ್ಯಾಜ್ಯವಲ್ಲ, ಯಥಾಸ್ಥಿತಿಯಲ್ಲಿ ಗ್ರಾಹ್ಯವೂ ಅಲ್ಲ. ಕನ್ನಡದಲ್ಲಿ ಇದನ್ನು ಬೋಧಿಸುವವರು 'ಸೆಲ್ಫ್' ಎಂಬುದಕ್ಕೆ ಆತ್ಮಶಬ್ದವನ್ನು ಬಿಟ್ಟು ವಿವೇಕವೆಂಬ ಶಬ್ದವನ್ನು ಇಟ್ಟುಕೊಳ್ಳುವುದು ಯುಕ್ತ. ಕೃಷ್ಣಮಿಶ್ರನ ವಿವೇಕನು ಕುಟುಂಬದ ಹೊರಗಿನ ಸಾಕ್ಷಿಯಲ್ಲ, ಅದರೊಳಗೇ ಹುಟ್ಟಿ ಅದನ್ನು ಆಳುವ ದೊರೆ. ಮಗುವಿಗೆ ಇನ್ನೂ ಬುದ್ಧಿ ಬಲಿತಿಲ್ಲವೆಂದು ಕನ್ನಡಿಗರ ಮನೆಮನೆಯಲ್ಲಿ ಹೇಳುವ ಮಾತು ನಿಂದೆಯಲ್ಲ; ಬಲಿಯುವವರೆಗೆ ಕಾಯುವ ಹೊಣೆ ಹಿರಿಯರದೆಂಬ ಒಪ್ಪಿಗೆ ಅದು.