ಪವಿತ್ರ್ ಪ್ರಭಾಕರ್ ಬಿಟ್ಟು ಬಂದ ಊರು

ಸ್ಪೈಡರ್‌ಮ್ಯಾನ್ ಧೋತರ ಉಟ್ಟು ಮುಂಬಯಿಯ ಕಟ್ಟಡಗಳ ನಡುವೆ ಜಿಗಿದದ್ದು 2004ರ ಕೊನೆಗೆ. ನಾಲ್ಕೇ ಸಂಚಿಕೆಗಳ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಕಾಮಿಕ್ಸನ್ನು ರೂಪಿಸಿದವರು ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಕಾಂಗ್, ಚಿತ್ರಗಳು ಕಾಂಗ್ ಅವರವು. ತಂದೆತಾಯಿ ಇಲ್ಲದ ಹಳ್ಳಿ ಹುಡುಗ ಪವಿತ್ರ್ ಪ್ರಭಾಕರ್ ವಿದ್ಯಾರ್ಥಿವೇತನ ಸಿಕ್ಕು, ಭೀಮ್ ಚಿಕ್ಕಪ್ಪ ಮತ್ತು ಮಾಯಾ ಚಿಕ್ಕಮ್ಮನ ಜೊತೆ ಮುಂಬಯಿಗೆ ಬರುತ್ತಾನೆ. ಶಾಲೆಯ ಹುಡುಗರು ಅವನ ಉಡುಪು ನೋಡಿ ಗೇಲಿ ಮಾಡುತ್ತಾರೆ, ಹೊಡೆಯುತ್ತಾರೆ. ಮೀರಾ ಜೈನ್ ಒಬ್ಬಳೇ ಸ್ನೇಹಕ್ಕೆ ಬರುತ್ತಾಳೆ.

ಶಿವಮೊಗ್ಗ, ಭದ್ರಾವತಿಯ ಹುಡುಗರಿಗೆ ಈ ಆರಂಭ ತೀರಾ ಪರಿಚಿತ. ಪಿಯುಸಿ ಮುಗಿಯುತ್ತಲೇ ಬೆಂಗಳೂರಿನ ರೈಲು ಹತ್ತುವವರ ಕಥೆಯೇ ಇದು. ಅದಕ್ಕೇ ಈ ಕಾಮಿಕ್ಸನ್ನು ಸುಮ್ಮನೆ ಹೊಗಳಿ ಬಿಡಲು ನನಗೆ ಮನಸ್ಸಿಲ್ಲ.

ಕೊರತೆ ಇರುವುದು ಮುಖ್ಯವಾಗಿ ಮಾತಿನಲ್ಲಿ. ಹಳ್ಳಿಯಿಂದ ಈಗಷ್ಟೇ ಬಂದ ಪವಿತ್ರ್, ಅವನನ್ನು ಅಟ್ಟಾಡಿಸುವ ಸಿರಿವಂತರ ಮಕ್ಕಳು, ಚಿಕ್ಕಮ್ಮ, ಅವನಿಗೆ ಜೇಡನ ಶಕ್ತಿ ಕೊಡುವ ಯೋಗಿ ಎಲ್ಲರದೂ ಒಂದೇ ಸಲೀಸಾದ ಇಂಗ್ಲಿಷ್. ಪುಸ್ತಕವೇ ಇಂಗ್ಲಿಷಿನದು, ಇನ್ನೇನು ಮಾಡಲಾದೀತು ಎನ್ನಬಹುದು. ಆದರೆ ಕಾಮಿಕ್ಸಿನಲ್ಲಿ ದಾರಿಗಳಿಗೆ ಬರವಿಲ್ಲ. ಮಾತಿನ ಗುಳ್ಳೆಯ ಅಕ್ಷರ ಚಿಕ್ಕದಾಗಬಹುದು, ವಾಕ್ಯ ಅರ್ಧಕ್ಕೆ ನಿಲ್ಲಬಹುದು, ಗುಳ್ಳೆ ಖಾಲಿಯೇ ಉಳಿಯಬಹುದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ನಮ್ಮ ಕಡೆಯ ಎಷ್ಟೋ ಹುಡುಗರು ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಬೀದಿಯಲ್ಲಿ ಅವರೇ ಮಾತಿನ ಮಲ್ಲರು. ಭದ್ರಾವತಿಯಲ್ಲಂತೂ ಕಾರ್ಖಾನೆ ಕೆಲಸಕ್ಕೆಂದು ಬಂದ ತಮಿಳರು, ತೆಲುಗರು, ಮಲಯಾಳಿಗಳು ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕ ಬಾಳಿದವರು. ಮಕ್ಕಳಿಗೆ ಎರಡು ಮೂರು ಭಾಷೆ ಆಟದ ಬಯಲಲ್ಲೇ ಬಂದುಬಿಡುತ್ತದೆ. ಅಂಥ ಹುಡುಗ ಇಂಗ್ಲಿಷ್ ಎದುರಾದೊಡನೆ ಮೂಕನಾಗುವ ಸಂಕಟ ಧೋತರದ ಗೇಲಿಗಿಂತ ದೊಡ್ಡದು. ಅದು ಈ ಪುಟಗಳಲ್ಲಿ ಇಲ್ಲವೇ ಇಲ್ಲ.

ಯೋಗಿಯ ವಿಚಾರದಲ್ಲೂ ನನ್ನ ತಕರಾರಿದೆ. 1962ರಲ್ಲಿ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಸೃಷ್ಟಿಸಿದ ಪೀಟರ್ ಪಾರ್ಕರ್‌ಗೆ ಶಕ್ತಿ ಬಂದದ್ದು ವಿಕಿರಣ ತಗುಲಿದ ಜೇಡ ಕಚ್ಚಿ, ಆಕಸ್ಮಿಕವಾಗಿ. ಅದನ್ನು ಯಾವುದಕ್ಕೆ ಬಳಸಬೇಕೆಂದು ಅವನೇ ನೊಂದು ಕಲಿಯಬೇಕಾಯಿತು. ಪವಿತ್ರನಿಗೋ ಯೋಗಿ ಶಕ್ತಿಯ ಜೊತೆಗೇ ಕರ್ತವ್ಯವನ್ನೂ ಒಪ್ಪಿಸಿಬಿಡುತ್ತಾನೆ. ಇಷ್ಟಾದರೂ ಒಂದು ಕಡೆ ಈ ಕಾಮಿಕ್ಸ್ ಮೂಲವನ್ನೂ ಮೀರಿಸುತ್ತದೆ. ಪುಂಡರ ಕೈಗೆ ಸಿಕ್ಕ ಹೆಂಗಸಿನ ನೆರವಿಗೆ ಪವಿತ್ರ್ ನಿಲ್ಲದೆ ಹೊರಟುಹೋಗುತ್ತಾನೆ. ಅವಳ ಕೂಗಿಗೆ ಓಡಿಬಂದ ಭೀಮ್ ಚಿಕ್ಕಪ್ಪ ಪ್ರಾಣ ಕಳೆದುಕೊಳ್ಳುತ್ತಾರೆ. ಪೀಟರನ ಬೆನ್ ಚಿಕ್ಕಪ್ಪ ಕಳ್ಳನಿಗೆ ಬಲಿಯಾದವರು ಅಷ್ಟೇ. ಭೀಮ್ ಸತ್ತದ್ದು ಹುಡುಗ ಮಾಡಬೇಕಾಗಿದ್ದ ಕೆಲಸವನ್ನು ತಾವು ಮಾಡಲು ಹೋಗಿ. ಯಾವ ಶಕ್ತಿಯೂ ಇಲ್ಲದ ಸಾಮಾನ್ಯನ ಧೈರ್ಯವನ್ನು ಇಷ್ಟು ನೇರವಾಗಿ ಹೇಳಿದ ಕಾಮಿಕ್ಸ್ ಕಡಿಮೆ.

ಆಮೇಲೆ ಕಥೆ ಸಡಿಲವಾಗುತ್ತದೆ. ತಾಯಿತದ ಬಲದಿಂದ ರಾಕ್ಷಸನಾಗುವ ನಳಿನ್ ಒಬೆರಾಯ್ ಬಂದಮೇಲೆ ಉಳಿಯುವುದು ಹೊಡೆದಾಟ. ಹುಡುಗರು ಊರು ಬಿಡುವಂತೆ ಮಾಡುವ ಕೇಡು ನಮ್ಮಲ್ಲಿ ರಾಕ್ಷಸನ ರೂಪದಲ್ಲಿ ಬರಲಿಲ್ಲ. 1936ರಲ್ಲಿ ಶುರುವಾಗಿ, 1980ರ ದಶಕದಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಒದಗಿಸಿದ ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂ ಕಳೆದ ದಶಕದಲ್ಲಿ ನಿಂತೇಹೋಯಿತು. 1918ರಲ್ಲಿ ಸ್ಥಾಪನೆಯಾದ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಅಪ್ಪನ ಕೆಲಸ ಹೋದ ಮನೆಯ ಹುಡುಗ ನಗರಕ್ಕೆ ಹೊರಟರೆ ಅವನ ಹಿಂದೆ ಒಂದು ಇಡೀ ಊರು ಇರುತ್ತದೆ. ಪವಿತ್ರನ ಹಿಂದೆ ಅಂಥ ಊರು ಕಾಣುವುದಿಲ್ಲ.

2014ರ ‘ಸ್ಪೈಡರ್‌ವರ್ಸ್’ ಕಥೆಯಲ್ಲಿ ಅವನು ತನ್ನ ಲೋಕವನ್ನೇ ದಾಟಿ ಬೇರೆ ಲೋಕಗಳ ಸ್ಪೈಡರ್‌ಗಳ ಜೊತೆಗೂಡುತ್ತಾನೆ. 2023ರ ಸ್ಪೈಡರ್‌ಮ್ಯಾನ್ ಸಿನಿಮಾದಲ್ಲಿ ಇನ್ನೂ ಚುರುಕಾಗಿ, ಮಾತುಗಾರನಾಗಿ ಬಂದ. ಆದರೆ ಆ ಪವಿತ್ರ್ ನಗರದ ಮನೆಮಗ; ಊರು ಬಿಟ್ಟವನ ಅಳುಕು ಅವನಲ್ಲಿಲ್ಲ.

ಕಾಮಿಕ್ಸ್ ಕನ್ನಡಕ್ಕೆ ಹೊಸದೇನಲ್ಲ. ಅಮರ ಚಿತ್ರಕಥೆಯ ಮೊದಲ 10 ಪುಸ್ತಕಗಳು ಪಾಶ್ಚಾತ್ಯ ಕಥೆಗಳನ್ನು ಹೊತ್ತು ಬಂದದ್ದು ಕನ್ನಡದಲ್ಲೇ; ಆ ಮಾಲೆಯನ್ನು ಬೆಳೆಸಿದ ಅನಂತ ಪೈ ಕಾರ್ಕಳದವರು. ಬಾಲಮಂಗಳದ ಡಿಂಗನನ್ನು ಓದಿ ಬೆಳೆದ ತಲೆಮಾರು ಈಗ ಮಕ್ಕಳೊಂದಿಗರಾಗಿದೆ. ಡಿಂಗ ಚಿಕ್ಕ ಮಕ್ಕಳವನು. ಹದಿನಾರು ಹದಿನೇಳರ ಮಕ್ಕಳ ಕೈಗೆ ಕೊಡಲು ನಮ್ಮಲ್ಲಿ ಅಂಥ ಗಟ್ಟಿ ನಾಯಕ ಇಲ್ಲ.

‘ಸ್ಪೈಡರ್‌ಮ್ಯಾನ್: ಇಂಡಿಯಾ’ವನ್ನು ಕಾಂಗ್ ಅವರ ಗೆರೆಗಾಗಿ, ಭೀಮ್ ಚಿಕ್ಕಪ್ಪನ ಸಾವಿನ ಪುಟಗಳಿಗಾಗಿ ಖಂಡಿತ ಓದಿ. ಕನ್ನಡದ ವಾರಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೆ ಎರಡು ಪುಟವನ್ನು ನಮ್ಮ ಯುವ ಚಿತ್ರಕಾರರಿಗೆ ಬಿಟ್ಟುಕೊಡಿ. ಊರು ಬಿಟ್ಟ ಹುಡುಗನ, ಹುಡುಗಿಯ ಸಾಹಸವನ್ನು ಅವರು ಭದ್ರಾವತಿಯಿಂದಲೇ ಶುರುಮಾಡಲಿ.